ಹಾಲಿಲ್ಲದ ಊಟದಲ್ಲಿ ಸಾಕಷ್ಟು ಕ್ಯಾಲ್ಸಿಯಂ: ರಾಗಿ, ಸೊಪ್ಪು, ಎಳ್ಳು, ಹುರುಳಿಯ ಲೆಕ್ಕಾಚಾರ

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು, ಹಾಲಿನ ಪ್ರೋಟೀನಿಗೆ ಅಲರ್ಜಿ ಇರುವವರು, ತಾತ್ವಿಕ ಕಾರಣಕ್ಕೆ ಹಾಲು ಬಿಟ್ಟವರು, ಮನೆಮಂದಿಗೆಲ್ಲ ದಿನಕ್ಕೆರಡು ಲೋಟ ಹಾಲು ಕೊಳ್ಳುವ ಶಕ್ತಿ ಇಲ್ಲದವರು, ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಮೂಳೆಗೆ ಬೇಕಾದ ಕ್ಯಾಲ್ಸಿಯಂ ಎಲ್ಲಿಂದ ತರುವುದು? ಸಾಮಾನ್ಯವಾಗಿ ಸಿಗುವ ಉತ್ತರ ಸೊಪ್ಪು ತಿನ್ನಿ, ಎಳ್ಳು ತಿನ್ನಿ, ಬಾದಾಮಿ ತಿನ್ನಿ ಎಂಬುದು. ಯಾವ ಸೊಪ್ಪು, ಎಷ್ಟು ಎಳ್ಳು, ಹೇಗೆ ಬೇಯಿಸಿದ್ದು ಎಂಬುದನ್ನು ಹೇಳದ ಆ ಉತ್ತರದಿಂದ ಅಡುಗೆಮನೆಯಲ್ಲಿ ನಿಂತವರಿಗೆ ಹೆಚ್ಚು ಪ್ರಯೋಜನವಿಲ್ಲ. ಒಂದು ಪದಾರ್ಥದ ನೂರು ಗ್ರಾಂನಲ್ಲಿ ಎಷ್ಟು ಕ್ಯಾಲ್ಸಿಯಂ ಇದೆ ಎಂಬುದರ ಜೊತೆಗೆ, ನಾವು ಅದನ್ನು ದಿನಕ್ಕೆ ನಿಜವಾಗಿ ಎಷ್ಟು ಗ್ರಾಂ ತಿನ್ನುತ್ತೇವೆ ಮತ್ತು ತಿಂದದ್ದರಲ್ಲಿ ಎಷ್ಟು ಕರುಳಿನಿಂದ ರಕ್ತಕ್ಕೆ ಸೇರುತ್ತದೆ ಎಂಬ ಇನ್ನೆರಡು ಸಂಗತಿಗಳನ್ನೂ ನೋಡಬೇಕು. ಈ ಮೂರನ್ನೂ ಕೂಡಿಸಿ ನೋಡಿದಾಗ ಕರ್ನಾಟಕದ ಊಟದಲ್ಲೇ ದಾರಿ ಇದೆ ಎಂಬುದು ಸ್ಪಷ್ಟವಾಗುತ್ತದೆ. ಆದರೆ ಅನ್ನವನ್ನೇ ಮುಖ್ಯವಾಗಿಟ್ಟುಕೊಂಡ ಈಗಿನ ತಟ್ಟೆಯಲ್ಲಿ ಆ ದಾರಿ ತಾನಾಗಿ ತೆರೆದುಕೊಳ್ಳುವುದಿಲ್ಲ.

ಮೊದಲು ನಿಮ್ಮ ಅಗತ್ಯವನ್ನು ತಿಳಿದುಕೊಳ್ಳಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಶಿಫಾರಸಿನ ಪ್ರಕಾರ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಮೊಲೆಯೂಡಿಸುವ ತಾಯಂದಿರಿಗೂ ಮುಟ್ಟು ನಿಂತ ಮಹಿಳೆಯರಿಗೂ ಅದು 1200 ಮಿಲಿಗ್ರಾಂ. ಒಂದರಿಂದ ಮೂರು ವರ್ಷದ ಮಕ್ಕಳಿಗೆ 500, ಏಳರಿಂದ ಒಂಬತ್ತು ವರ್ಷದವರಿಗೆ 650, ಹತ್ತರಿಂದ ಹನ್ನೆರಡರವರಿಗೆ 850, ಹದಿಹರೆಯದವರಿಗೆ ಸುಮಾರು 1000 ಎಂದು ಇಟ್ಟುಕೊಳ್ಳಬಹುದು. 2010ರ ಶಿಫಾರಸಿನಲ್ಲಿ ವಯಸ್ಕರ ಪ್ರಮಾಣ 600 ಮಿಲಿಗ್ರಾಂ ಇತ್ತು. ಆದ್ದರಿಂದ ಹಳೆಯ ಪುಸ್ತಕಗಳಲ್ಲಿ, ಹಳೆಯ ಪಟ್ಟಿಗಳಲ್ಲಿ ಈಗಲೂ ಆ ಸಂಖ್ಯೆಯೇ ಕಾಣಸಿಗುತ್ತದೆ. ಅದನ್ನು ನಂಬಿ ಸಮಾಧಾನ ಪಟ್ಟುಕೊಳ್ಳಬಾರದು.

ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿದೆ ಎಂದು ಬಂದರೆ ಊಟದಲ್ಲಿ ಕೊರತೆ ಇಲ್ಲ ಎಂದು ಭಾವಿಸುವವರು ಬಹಳ. ಇದು ತಪ್ಪು ತಿಳಿವಳಿಕೆ. ದೇಹದ ಕ್ಯಾಲ್ಸಿಯಂನಲ್ಲಿ ಶೇಕಡ 99ರಷ್ಟು ಮೂಳೆ ಮತ್ತು ಹಲ್ಲುಗಳಲ್ಲಿದೆ. ಹೃದಯದ ಬಡಿತ, ಸ್ನಾಯುಗಳ ಚಲನೆ, ನರಗಳ ಕೆಲಸ ನಿಲ್ಲಬಾರದೆಂದು ದೇಹವು ರಕ್ತದಲ್ಲಿನ ಅಲ್ಪ ಪ್ರಮಾಣವನ್ನು ಬಹಳ ಬಿಗಿಯಾಗಿ ಕಾಯ್ದುಕೊಳ್ಳುತ್ತದೆ. ಊಟದಿಂದ ಬಾರದಿದ್ದಾಗ ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನು ಮೂಳೆಯಿಂದಲೇ ಕ್ಯಾಲ್ಸಿಯಂ ಬಿಡಿಸಿ ರಕ್ತಕ್ಕೆ ಕೊಡುತ್ತದೆ. ಹಾಗಾಗಿ ವರ್ಷಗಟ್ಟಲೆ ಕೊರತೆಯಿದ್ದರೂ ರಕ್ತದ ಸಂಖ್ಯೆ ಬದಲಾಗದೆ, ಮೂಳೆ ಮಾತ್ರ ಸವೆಯುತ್ತಾ ಹೋಗಬಹುದು.

ಈಗ ತಿನ್ನುತ್ತಿರುವುದನ್ನು ಲೆಕ್ಕ ಹಾಕಿ

ಬದಲಾವಣೆಗೆ ಕೈಹಾಕುವ ಮೊದಲು ಒಂದು ಸಾಮಾನ್ಯ ದಿನದ ಊಟವನ್ನು ಕಾಗದದ ಮೇಲೆ ಬರೆದುಕೊಳ್ಳಿ. ಅಳತೆಗೆ ಅಡುಗೆಮನೆಯ ಚಿಕ್ಕ ತಕ್ಕಡಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ತಿಂಗಳಿಗೆ ಮನೆಗೆ ತರುವ ಅಕ್ಕಿ, ಹಿಟ್ಟು, ಬೇಳೆಗಳ ತೂಕವನ್ನು ದಿನಗಳಿಗೂ ತಲೆಗಳಿಗೂ ಹಂಚಿದರೆ ಅಂದಾಜು ಸಿಗುತ್ತದೆ.

ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನಾ ಕೋಷ್ಟಕಗಳ ಪ್ರಕಾರ ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ಇರುವ ಕ್ಯಾಲ್ಸಿಯಂ ಎಂಟು ಮಿಲಿಗ್ರಾಂಗಿಂತ ಕಡಿಮೆ. ದಿನಕ್ಕೆ ಮುನ್ನೂರು ಗ್ರಾಂ ಅಕ್ಕಿಯ ಅನ್ನ ಉಂಡರೂ ಸಿಗುವುದು ಸುಮಾರು 22 ಮಿಲಿಗ್ರಾಂ ಮಾತ್ರ. ಗೋಧಿ ಹಿಟ್ಟಿನಲ್ಲಿ ನೂರು ಗ್ರಾಂಗೆ 30ರ ಆಸುಪಾಸು, ಜೋಳದಲ್ಲಿ 28ರಷ್ಟು ಇದೆ. ತೊಗರಿಬೇಳೆಯಲ್ಲಿ ಸುಮಾರು 70 ಇದ್ದರೂ ಒಬ್ಬರು ಒಂದು ಹೊತ್ತಿಗೆ ಬಳಸುವುದು ಹೆಚ್ಚೆಂದರೆ ಮೂವತ್ತು ಗ್ರಾಂ. ಹೀಗಾಗಿ ಅನ್ನ, ಸಾರು, ಒಂದು ತರಕಾರಿ ಪಲ್ಯ, ಬೆಳಗ್ಗೆ ಇಡ್ಲಿ ಅಥವಾ ಉಪ್ಪಿಟ್ಟು ಇಷ್ಟರಿಂದ ಹಾಲನ್ನು ತೆಗೆದರೆ ಉಳಿಯುವ ಕ್ಯಾಲ್ಸಿಯಂ ಇನ್ನೂರನ್ನು ಮುಟ್ಟುವುದೂ ಕಷ್ಟ. ಕೊರತೆಯ ನಿಜವಾದ ಗಾತ್ರ ಇದು. ದಿನಕ್ಕೆ ನಾಲ್ಕು ಬಾದಾಮಿ ತಿಂದು ಇದನ್ನು ತುಂಬಲು ಸಾಧ್ಯವಿಲ್ಲ. ಹತ್ತು ಬಾದಾಮಿಯಲ್ಲಿಯೂ ಇರುವುದು 30 ಮಿಲಿಗ್ರಾಂಗಿಂತ ಕಡಿಮೆ.

ರಾಗಿಯನ್ನು ಬುನಾದಿ ಮಾಡಿಕೊಳ್ಳಿ

ನಮ್ಮ ಧಾನ್ಯಗಳಲ್ಲಿ ಕ್ಯಾಲ್ಸಿಯಂ ವಿಷಯದಲ್ಲಿ ರಾಗಿಯ ಹತ್ತಿರಕ್ಕೂ ಬರುವ ಇನ್ನೊಂದು ಧಾನ್ಯವಿಲ್ಲ. ಅದೇ ಕೋಷ್ಟಕದ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಇದೆ. ಒಂದು ಮುದ್ದೆಗೆ ಎಪ್ಪತ್ತೈದು ಗ್ರಾಂ ಹಿಟ್ಟು ಎಂದುಕೊಂಡರೆ ಅದರಿಂದಲೇ ಸುಮಾರು 270 ಮಿಲಿಗ್ರಾಂ ಸಿಗುತ್ತದೆ. ರಾಗಿಯ ದೊಡ್ಡ ಗುಣವೆಂದರೆ ಅದನ್ನು ಚಮಚದಲ್ಲಿ ಅಳೆಯಬೇಕಾಗಿಲ್ಲ, ಹೊಟ್ಟೆ ತುಂಬ ತಿನ್ನುವ ಆಹಾರವೇ ಅದು. ಎಳ್ಳಿನಲ್ಲಿಯೂ ಕರಿಬೇವಿನಲ್ಲಿಯೂ ಸಂಖ್ಯೆ ಇನ್ನೂ ದೊಡ್ಡದು, ಆದರೆ ಅವನ್ನು ಯಾರೂ ಬಟ್ಟಲುಗಟ್ಟಲೆ ತಿನ್ನುವುದಿಲ್ಲ. ತುಮಕೂರು, ಕೋಲಾರ, ಹಾಸನ, ಮಂಡ್ಯ, ರಾಮನಗರದ ಕಡೆಯ ಮನೆಗಳಲ್ಲಿ ಎರಡು ಹೊತ್ತು ಮುದ್ದೆ ಇದ್ದಾಗ ಹಾಲಿನ ಹಂಗಿಲ್ಲದೆಯೇ ಐನೂರಕ್ಕೂ ಹೆಚ್ಚು ಮಿಲಿಗ್ರಾಂ ದೊರೆಯುತ್ತಿತ್ತು. ಮುದ್ದೆ ವಾರಕ್ಕೊಮ್ಮೆಯ ರುಚಿಯಾಗಿ, ಅನ್ನ ದಿನದ ಊಟವಾದಾಗ ಆದ ನಷ್ಟವನ್ನು ನಾವು ಸರಿಯಾಗಿ ಗಮನಿಸಿಯೇ ಇಲ್ಲ ಎಂಬುದು ನನ್ನ ಬಲವಾದ ಅಭಿಪ್ರಾಯ.

ಆದರೆ ರಾಗಿಯಲ್ಲಿ ಫೈಟೇಟ್ ಎಂಬ ಅಂಶವಿದೆ. ಅದು ಕ್ಯಾಲ್ಸಿಯಂ, ಕಬ್ಬಿಣ, ಸತುವನ್ನು ಹಿಡಿದಿಟ್ಟುಕೊಂಡು ಅವು ಪೂರ್ಣವಾಗಿ ಕರುಳಿನಲ್ಲಿ ಹೀರಲ್ಪಡದಂತೆ ಮಾಡುತ್ತದೆ. ನೆನೆಸುವುದು, ಮೊಳಕೆ ಬರಿಸುವುದು, ಹುಳಿ ಬರಿಸುವುದು ಈ ಮೂರೂ ಫೈಟೇಟನ್ನು ಕಡಿಮೆ ಮಾಡುತ್ತವೆ. ದಿನದ ರಾಗಿಯಲ್ಲಿ ಒಂದು ಹೊತ್ತಿನದಾದರೂ ಈ ಮೂರರಲ್ಲಿ ಒಂದು ಬಗೆಯಲ್ಲಿ ಸಿದ್ಧವಾದದ್ದಾಗಿರಲಿ.

ಮೊಳಕೆ ರಾಗಿ ಹಿಟ್ಟನ್ನು ಮನೆಯಲ್ಲಿ ಮಾಡುವುದು ಕಷ್ಟವಲ್ಲ. ರಾಗಿಯನ್ನು ಕಲ್ಲು, ಹೊಟ್ಟು ಹೋಗುವಂತೆ ಮೂರ್ನಾಲ್ಕು ಬಾರಿ ತೊಳೆದು, ರಾತ್ರಿಯಿಡೀ ನೆನೆಸಿ, ಬೆಳಗ್ಗೆ ನೀರು ಪೂರ್ತಿ ಬಸಿದು, ಒದ್ದೆ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಗಾಳಿಯಾಡುವ ಕಡೆ ಇಡಿ. ಬಟ್ಟೆ ಒಣಗಿದಾಗ ನೀರು ಚಿಮುಕಿಸುತ್ತಿದ್ದರೆ ಸೆಖೆಯ ದಿನಗಳಲ್ಲಿ ಒಂದು ದಿನಕ್ಕೆ, ಚಳಿಯಲ್ಲಿ ಎರಡು ದಿನಕ್ಕೆ ಬಿಳಿಯ ಸಣ್ಣ ಮೊಳಕೆ ಕಾಣಿಸಿಕೊಳ್ಳುತ್ತದೆ. ಅದನ್ನು ತೆಳ್ಳಗೆ ಹರಡಿ ಚೆನ್ನಾಗಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ ಬರುವಷ್ಟು ಹುರಿದು, ಅಂಗೈಯಲ್ಲಿ ಉಜ್ಜಿ ಮೊಳಕೆಯನ್ನು ತೂರಿ ಬೀಸಿಸಿ. ಹುಳಿ ವಾಸನೆ ಅಥವಾ ಬೂಸ್ಟು ಕಂಡರೆ ಆ ರಾಗಿಯನ್ನು ಬಳಸಬೇಡಿ, ಅದರಲ್ಲಿ ಉಳಿತಾಯ ನೋಡುವುದು ಸರಿಯಲ್ಲ. ಈ ಹಿಟ್ಟಿನಿಂದ ಮಾಡಿದ ಗಂಜಿ ಬೇಗ ಜೀರ್ಣವಾಗುತ್ತದೆ, ಬೆಲ್ಲ ಮತ್ತು ಏಲಕ್ಕಿ ಸೇರಿಸಿ ನೀರಿನಲ್ಲಿಯೇ ಕಾಯಿಸಿದರೂ ರುಚಿಗೆ ಹಾಲಿನ ಕೊರತೆ ಕಾಣುವುದಿಲ್ಲ.

ಅಂಬಲಿಗೆ ಮಜ್ಜಿಗೆಯೇ ಬೇಕು ಎಂದೇನಿಲ್ಲ. ರಾಗಿ ಹಿಟ್ಟನ್ನು ನೀರಿನಲ್ಲಿ ಗಂಟಿಲ್ಲದಂತೆ ಕದಡಿ ಬೇಯಿಸಿ, ಆರಿದ ಮೇಲೆ ಮಣ್ಣಿನ ಅಥವಾ ಸ್ಟೀಲಿನ ಪಾತ್ರೆಯಲ್ಲಿ ಮುಚ್ಚಿಟ್ಟು, ಹಿಂದಿನ ದಿನದ ಅಂಬಲಿಯ ಎರಡು ಚಮಚವನ್ನು ಹೆಪ್ಪಿನಂತೆ ಬೆರೆಸಿದರೆ ಬೆಳಗಾಗುವಷ್ಟರಲ್ಲಿ ಹದವಾಗಿ ಹುಳಿ ಬಂದಿರುತ್ತದೆ. ಕುಡಿಯುವಾಗ ನೀರು, ಉಪ್ಪು, ಈರುಳ್ಳಿ, ಕೊತ್ತಂಬರಿ ಸೇರಿಸಿಕೊಳ್ಳಿ. ಇಡ್ಲಿ, ದೋಸೆ ತಿನ್ನುವ ಮನೆಗಳಲ್ಲಿ ಅಕ್ಕಿಯ ಅರ್ಧ ಭಾಗಕ್ಕೆ ಬದಲಾಗಿ ರಾಗಿಯನ್ನು ಉದ್ದಿನಬೇಳೆಯೊಂದಿಗೆ ನೆನೆಸಿ ರುಬ್ಬಿ ರಾತ್ರಿ ಹುದುಗಲು ಬಿಡುವುದು ಅತಿ ಸುಲಭದ ದಾರಿ. ಮುದ್ದೆ ನುಂಗಲು ಬಾರದ ಮಕ್ಕಳಿಗೂ ನಗರಗಳಲ್ಲಿ ಬೆಳೆದವರಿಗೂ ಇದೇ ಒಗ್ಗುತ್ತದೆ.

ಹಿಟ್ಟನ್ನು ನುಣ್ಣಗೆ ಜರಡಿ ಹಿಡಿದು ತೌಡನ್ನು ಬಿಸಾಡಬೇಡಿ. ರಾಗಿಯ ಕ್ಯಾಲ್ಸಿಯಂನಲ್ಲಿ ಗಣನೀಯ ಪಾಲು ಕಾಳಿನ ಹೊರಪದರದಲ್ಲಿದೆ. ನೆನೆಸಿದ ರಾಗಿಯನ್ನು ರುಬ್ಬಿ ಬಟ್ಟೆಯಲ್ಲಿ ಸೋಸಿ ತೆಗೆಯುವ ರಾಗಿ ಹಾಲು, ಅದರಿಂದ ಮಾಡುವ ಹಾಲುಬಾಯಿ ರುಚಿಗೆ ಚೆನ್ನ. ಆದರೆ ಸೋಸಿದ ಚರಟದೊಂದಿಗೆ ನಾರೂ ಖನಿಜಗಳೂ ಹೊರಟುಹೋಗುತ್ತವೆ. ಆರು ತಿಂಗಳು ತುಂಬಿ ಆಗತಾನೇ ಆಹಾರ ಆರಂಭಿಸಿದ ಮಗುವಿಗೆ ಮೊದಲ ಕೆಲವು ದಿನ ಸೋಸಿ ಕೊಟ್ಟರೂ, ಮಗು ಅರಗಿಸಿಕೊಳ್ಳುತ್ತಿದ್ದಂತೆ ಮೊಳಕೆ ರಾಗಿಯ ನುಣುಪಾದ ಹಿಟ್ಟಿನ ಸರಿಗೆ ಬದಲಾಯಿಸುವುದು ಉತ್ತಮ. ಅಂಗಡಿಯ ರಾಗಿ ಬಿಸ್ಕತ್ತಿನ ಪೊಟ್ಟಣದ ಹಿಂಭಾಗ ಓದಿದರೆ ಮೈದಾ ಮತ್ತು ಸಕ್ಕರೆ ಮುಂದೆ, ರಾಗಿ ಎಲ್ಲೋ ಹಿಂದೆ ಇರುವುದು ಅಪರೂಪವಲ್ಲ; ಅದನ್ನು ರಾಗಿಯ ಲೆಕ್ಕಕ್ಕೆ ಸೇರಿಸಬೇಡಿ. ಮಧುಮೇಹ ಇರುವವರಿಗೆ ರಾಗಿಯೂ ಪಿಷ್ಟವೇ ಆದ್ದರಿಂದ ಅನ್ನಕ್ಕೆ ಬದಲಾಗಿ ತಿನ್ನಬೇಕೇ ಹೊರತು ಅನ್ನದ ಮೇಲೆ ಹೆಚ್ಚುವರಿಯಾಗಿ ಅಲ್ಲ, ತೆಳು ಗಂಜಿಗಿಂತ ಸೊಪ್ಪು ಬೆರೆಸಿದ ರೊಟ್ಟಿ ಅಥವಾ ಗಟ್ಟಿ ಮುದ್ದೆ ಮೇಲು.

ಸೊಪ್ಪನ್ನು ಹೆಸರು ನೋಡಿ ಆರಿಸಿ

ಎಲ್ಲ ಸೊಪ್ಪೂ ಒಂದೇ ಎಂಬ ಭಾವನೆಯಿಂದ ಆಗುವ ತಪ್ಪು ಈ ವಿಷಯದಲ್ಲಿ ಅತಿ ದೊಡ್ಡದು. ಕೆಲವು ಸೊಪ್ಪುಗಳಲ್ಲಿ ಆಕ್ಸಲೇಟ್ ಎಂಬ ಆಮ್ಲೀಯ ಅಂಶ ಹೇರಳವಾಗಿರುತ್ತದೆ. ಅದು ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಹರಳಾಗಿಬಿಡುವುದರಿಂದ, ಕೋಷ್ಟಕದಲ್ಲಿ ಸಂಖ್ಯೆ ಎಷ್ಟೇ ದೊಡ್ಡದಿದ್ದರೂ ಕರುಳಿಗೆ ಅದು ದಕ್ಕುವುದಿಲ್ಲ. ಹಾಲಿನ ಕ್ಯಾಲ್ಸಿಯಂನಲ್ಲಿ ಸುಮಾರು ಶೇಕಡ 30ರಷ್ಟು ಹೀರಲ್ಪಟ್ಟರೆ ಪಾಲಕಿನಲ್ಲಿ ಅದು ಶೇಕಡ 5ರ ಆಸುಪಾಸು ಮಾತ್ರ. ಪಾಲಕ್, ದಂಟು, ಹರಿವೆ, ಕೆಸುವಿನ ಎಲೆ ಇವೆಲ್ಲ ಆಕ್ಸಲೇಟ್ ಹೆಚ್ಚಿರುವ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ಬೇರೆ ಪೋಷಕಾಂಶಗಳು ಸಮೃದ್ಧವಾಗಿವೆ, ದಂಟಿನ ಸಾರನ್ನೂ ಪತ್ರೊಡೆಯನ್ನೂ ಬಿಡಬೇಕಾಗಿಲ್ಲ. ಕ್ಯಾಲ್ಸಿಯಂ ಲೆಕ್ಕದಿಂದ ಮಾತ್ರ ಅವನ್ನು ಹೊರಗಿಡಿ.

ಲೆಕ್ಕಕ್ಕೆ ಹಿಡಿಯಬಹುದಾದವು ನುಗ್ಗೆ ಸೊಪ್ಪು, ಮೆಂತ್ಯ ಸೊಪ್ಪು, ಮೂಲಂಗಿ ಸೊಪ್ಪು, ಸಬ್ಬಸಿಗೆ, ಕೊತ್ತಂಬರಿ, ಕರಿಬೇವು. ನುಗ್ಗೆ ಸೊಪ್ಪಿನ ನೂರು ಗ್ರಾಂನಲ್ಲಿ 314, ಮೆಂತ್ಯದಲ್ಲಿ 274, ಮೂಲಂಗಿ ಸೊಪ್ಪಿನಲ್ಲಿ 234 ಮಿಲಿಗ್ರಾಂ ಇದೆ. ಮೂಲಂಗಿಯನ್ನು ಕೊಂಡು ಸೊಪ್ಪನ್ನು ಅಂಗಡಿಯಲ್ಲೇ ಮುರಿದು ಬಿಟ್ಟು ಬರುವ ಅಭ್ಯಾಸ ನೋಡಿದಾಗ ನನಗೆ ಬೇಸರವಾಗುತ್ತದೆ. ಗೆಡ್ಡೆಗಿಂತ ಎಷ್ಟೋ ಪಾಲು ಹೆಚ್ಚು ಕ್ಯಾಲ್ಸಿಯಂ ಇರುವುದು ಆ ಸೊಪ್ಪಿನಲ್ಲಿ. ಎಳೆಯ ಮೂಲಂಗಿ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹೆಸರುಬೇಳೆಯೊಂದಿಗೆ ಪಲ್ಯ ಮಾಡಿದರೆ ಅದರ ಕಟುವಾಸನೆ ತಗ್ಗುತ್ತದೆ. ಎಲೆಕೋಸಿನಲ್ಲಿ ಪ್ರಮಾಣ ಕಡಿಮೆ, ನೂರು ಗ್ರಾಂಗೆ 50ರಷ್ಟು. ಆದರೆ ಆಕ್ಸಲೇಟ್ ಅತ್ಯಲ್ಪವಾದ್ದರಿಂದ ಇರುವುದು ಚೆನ್ನಾಗಿ ಹೀರಲ್ಪಡುತ್ತದೆ.

ನುಗ್ಗೆ ಸೊಪ್ಪನ್ನು ವಾರದಲ್ಲಿ ಕನಿಷ್ಠ ಮೂರು ದಿನ ಬಳಸುವ ವ್ಯವಸ್ಥೆ ಮಾಡಿಕೊಳ್ಳಿ. ಹಿತ್ತಿಲಿದ್ದವರು ಒಂದು ಟೊಂಗೆ ನೆಟ್ಟರೆ ಸಾಕು, ವರ್ಷದೊಳಗೆ ಮನೆಗಾಗಿ ಉಳಿಯುವಷ್ಟು ಸೊಪ್ಪು ಬರುತ್ತದೆ. ಕಡ್ಡಿಗಳನ್ನು ರಾತ್ರಿ ಒಣ ಬಟ್ಟೆಯಲ್ಲಿ ಸುತ್ತಿಟ್ಟರೆ ಬೆಳಗ್ಗೆ ಎಲೆಗಳು ಒದರಿದರೇ ಉದುರುತ್ತವೆ, ಬಿಡಿಸುವ ಶ್ರಮ ಉಳಿಯುತ್ತದೆ. ಬಿಡಿಸಿದ ಐವತ್ತು ಗ್ರಾಂ, ಅಂದರೆ ಸುಮಾರು ಎರಡು ಹಿಡಿ ಎಲೆ, 150 ಮಿಲಿಗ್ರಾಂ ಕೊಡುತ್ತದೆ. ಬೇಯಿಸಿದರೆ ಕ್ಯಾಲ್ಸಿಯಂ ಸುಟ್ಟುಹೋಗುತ್ತದೆ ಎಂಬ ಹೆದರಿಕೆ ಬೇಡ. ಅದು ಖನಿಜ, ಶಾಖಕ್ಕೆ ನಾಶವಾಗುವುದಿಲ್ಲ. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲದೆ ಬಸ್ಸಾರಿಗೆ ಬಳಸಿ. ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲು ಬಂದಿದ್ದವರು ಮಾತ್ರ ದಂಟು, ಪಾಲಕಿನ ಬಸಿದ ನೀರನ್ನು ಬಿಡಬೇಕು, ಏಕೆಂದರೆ ಕರಗುವ ಆಕ್ಸಲೇಟ್ ಆ ನೀರಿಗೆ ಇಳಿದಿರುತ್ತದೆ. ಅಂಥವರು ಕ್ಯಾಲ್ಸಿಯಂ ಇರುವ ಆಹಾರವನ್ನೇ ಬಿಡುವುದು ತಪ್ಪು. ಊಟದಲ್ಲಿನ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಹಾಕಲು ನೆರವಾಗುತ್ತದೆ.

ಕರಿಬೇವಿನಲ್ಲಿ ನೂರು ಗ್ರಾಂಗೆ 659 ಮಿಲಿಗ್ರಾಂ ಇದ್ದರೂ ಒಗ್ಗರಣೆಯ ನಾಲ್ಕು ಎಲೆಗಳನ್ನು ತಟ್ಟೆಯ ಅಂಚಿಗೆ ಸರಿಸುವವರಿಗೆ ಅದರಿಂದ ಏನೂ ಸಿಗದು. ಎಲೆಯನ್ನು ನೆರಳಿನಲ್ಲಿ ಒಣಗಿಸಿ, ಹುರಿದ ಎಳ್ಳು, ಉದ್ದಿನಬೇಳೆ, ಒಣಮೆಣಸಿನಕಾಯಿ, ಹುಣಸೆ, ಉಪ್ಪಿನೊಂದಿಗೆ ಪುಡಿ ಮಾಡಿಟ್ಟುಕೊಂಡರೆ ಎಲೆ ಹೊಟ್ಟೆಗೆ ಸೇರುತ್ತದೆ. ನುಗ್ಗೆ ಸೊಪ್ಪನ್ನೂ ಇದೇ ಪುಡಿಗೆ ಸೇರಿಸಬಹುದು.

ಎಳ್ಳು, ಹುರುಳಿ ಮತ್ತು ಇತರ ಕಾಳುಗಳು

ಎಳ್ಳಿನ ನೂರು ಗ್ರಾಂನಲ್ಲಿ ಬಣ್ಣಕ್ಕೆ ತಕ್ಕಂತೆ 1100ರಿಂದ 1600 ಮಿಲಿಗ್ರಾಂವರೆಗೆ ಇದೆ, ಕರಿ ಎಳ್ಳಿನಲ್ಲಿ ಹೆಚ್ಚು. ಅದರ ಬಹುಭಾಗ ಸಿಪ್ಪೆಯಲ್ಲಿದೆ. ಸಿಪ್ಪೆ ತೆಗೆದು ಬೆಳ್ಳಗೆ ಹೊಳೆಯುವಂತೆ ಮಾಡಿದ ಎಳ್ಳಿನಲ್ಲಿ ಉಳಿಯುವುದು ಅಲ್ಪ; ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ ಅದು ಅಂದವಾಗಿ ಕಂಡರೂ ದಿನದ ಬಳಕೆಗೆ ಸಿಪ್ಪೆಯಿರುವ ಎಳ್ಳನ್ನೇ ಕೊಳ್ಳಿ. ಆದರೆ ಸಿಪ್ಪೆಯಲ್ಲಿ ಆಕ್ಸಲೇಟ್ ಕೂಡ ಇರುವುದರಿಂದ ಎಳ್ಳಿನ ಸಂಖ್ಯೆಯನ್ನು ಪೂರ್ತಿ ನಂಬದೆ ಅರ್ಧವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ಎಚ್ಚರಿಕೆಯ ಕ್ರಮ. ಇಡಿಯ ಎಳ್ಳು ಅಗಿಯದೆ ಹಾಗೆಯೇ ದಾಟಿಹೋಗುತ್ತದೆ, ಹುರಿದು ಪುಡಿ ಮಾಡಿ ಬಳಸಿ. ಎಳ್ಳು ಮತ್ತು ಬೆಲ್ಲ ಕುಟ್ಟಿ ಮಾಡುವ ಚಿಗಳಿ, ಉತ್ತರ ಕರ್ನಾಟಕದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಗುರೆಳ್ಳು ಪುಡಿ ಇವು ಹಬ್ಬಕ್ಕೆ ಮಾತ್ರ ಮೀಸಲಾಗಬೇಕಿಲ್ಲ.

ಕಾಳುಗಳಲ್ಲಿ ಹುರುಳಿಗೆ ಮೊದಲ ಸ್ಥಾನ: ನೂರು ಗ್ರಾಂಗೆ 269 ಮಿಲಿಗ್ರಾಂ. ಇಲ್ಲೊಂದು ಅಡುಗೆಯ ಸಂಗತಿ ಮುಖ್ಯ. ಹುರುಳಿಕಟ್ಟಿನ ಸಾರು ಮಾಡಿ ಬೆಂದ ಕಾಳನ್ನು ದನಕ್ಕೆ ಹಾಕುವ ಮನೆಗಳಿವೆ. ಕ್ಯಾಲ್ಸಿಯಂ ಬೇಕಿದ್ದರೆ ಆ ಕಾಳನ್ನು ಉಸಲಿಯಾಗಿಯೋ ಪಲ್ಯವಾಗಿಯೋ ತಿನ್ನಲೇಬೇಕು. ಮೊಳಕೆ ಕಟ್ಟಿ ಸಾರು ಮಾಡಿದರೆ ಕಾಳೂ ಕಟ್ಟೂ ಒಟ್ಟಿಗೆ ಹೊಟ್ಟೆಗೆ ಸೇರುತ್ತವೆ, ಫೈಟೇಟೂ ತಗ್ಗುತ್ತದೆ. ಇಡಿಯ ಕಡಲೆಯಲ್ಲಿ 150, ರಾಜ್ಮಾದಲ್ಲಿ 130ರ ಆಸುಪಾಸು ಇದೆ. ಸಿಪ್ಪೆ ತೆಗೆದ ಬೇಳೆಗಿಂತ ಇಡಿಯ ಕಾಳಿನಲ್ಲಿ ಯಾವಾಗಲೂ ಹೆಚ್ಚು.

ಮೀನು ತಿನ್ನುವವರಿಗೆ

ಮೀನಿನ ಮಾಂಸದಲ್ಲಿ ಕ್ಯಾಲ್ಸಿಯಂ ಹೆಚ್ಚಿಲ್ಲ, ಅದು ಇರುವುದು ಮುಳ್ಳಿನಲ್ಲಿ. ಅಂಜಲ್, ಪಾಂಪ್ಲೆಟ್‌ನಂಥ ದೊಡ್ಡ ಮೀನಿನ ತುಂಡುಗಳಿಂದ ಈ ವಿಷಯದಲ್ಲಿ ಲಾಭವಿಲ್ಲ. ಮುಳ್ಳು ಸಮೇತ ಅಗಿದು ನುಂಗಬಹುದಾದ ಸಣ್ಣ ಮೀನುಗಳು, ಎಳೆಯ ಬೂತಾಯಿ, ಒಣಗಿಸಿದ ಪುಟ್ಟ ಮೀನು ಇವು ಬೆಲೆಯಲ್ಲಿ ಅಗ್ಗ, ಮೂಳೆಗೆ ಮಾತ್ರ ಬಹಳ ಮೇಲು. ಮುಳ್ಳಿನೊಂದಿಗೆ ಡಬ್ಬಿಯಲ್ಲಿ ಬರುವ ಬೂತಾಯಿ ಜಾತಿಯ ಮೀನಿನ ನೂರು ಗ್ರಾಂನಲ್ಲಿ ಸುಮಾರು 380 ಮಿಲಿಗ್ರಾಂ ಇರುತ್ತದೆ. ಪ್ರೆಷರ್ ಕುಕ್ಕರಿನಲ್ಲಿ ಹುಣಸೆ ಅಥವಾ ಪುನರ್ಪುಳಿಯ ಹುಳಿಯಲ್ಲಿ ಹೆಚ್ಚು ಹೊತ್ತು ಬೇಯಿಸಿದರೆ ಮನೆಯಲ್ಲಿಯೂ ಬೂತಾಯಿಯ ಮುಳ್ಳು ಮೆತ್ತಗಾಗುತ್ತದೆ. ಒಣಮೀನಿನಲ್ಲಿ ಉಪ್ಪು ಅತಿ ಹೆಚ್ಚಾದ್ದರಿಂದ ನೀರಿನಲ್ಲಿ ನೆನೆಸಿ, ಆ ನೀರು ಚೆಲ್ಲಿ ಬಳಸಿ.

ಮೂಳೆ ಮುರಿದವರಿಗೆ ಕಾಲು ಸೂಪು ಕುಡಿಸುವ ರೂಢಿ ಎಲ್ಲೆಡೆ ಇದೆ. ಅದರಲ್ಲಿ ಬೇರೆ ಸತ್ತ್ವ ಇರಬಹುದಾದರೂ ಮೂಳೆಯಿಂದ ನೀರಿಗೆ ಇಳಿಯುವ ಕ್ಯಾಲ್ಸಿಯಂ ತೀರ ಸ್ವಲ್ಪ. ಮೊಟ್ಟೆಯೊಂದರಲ್ಲಿ ಇರುವುದು 25 ಮಿಲಿಗ್ರಾಂನಷ್ಟು. ವೀಳ್ಯದೆಲೆಯ ಸುಣ್ಣವೂ ಕ್ಯಾಲ್ಸಿಯಂ ಎಂಬುದು ನಿಜ. ಆದರೆ ಅಡಿಕೆ ಜಗಿಯುವುದು ಬಾಯಿಯ ಕ್ಯಾನ್ಸರಿಗೆ ಕಾರಣವೆಂದು ಸ್ಪಷ್ಟವಾಗಿರುವಾಗ ಆ ದಾರಿಯನ್ನು ಯಾರಿಗೂ ಸೂಚಿಸಲಾಗದು.

ಅಂಗಡಿಯಿಂದ ತರುವ ಸೋಯಾ ಪದಾರ್ಥಗಳು

ಸೋಯಾ ಹಾಲು ಕೊಳ್ಳುವಾಗ ಕ್ಯಾಲ್ಸಿಯಂ ಸೇರಿಸಿದ್ದೇ ಎಂದು ಲೇಬಲ್ ಓದಿ. ನೂರು ಮಿಲಿಲೀಟರಿಗೆ 120 ಮಿಲಿಗ್ರಾಂ ಆಸುಪಾಸು ಇದ್ದರೆ ಅದು ಹಸುವಿನ ಹಾಲಿಗೆ ಸಮ. ಸೇರಿಸಿದ ಕ್ಯಾಲ್ಸಿಯಂ ಪೊಟ್ಟಣದ ತಳದಲ್ಲಿ ಕೂರುವುದರಿಂದ ಪ್ರತಿ ಸಲ ಚೆನ್ನಾಗಿ ಅಲುಗಾಡಿಸಿ ಬಗ್ಗಿಸಬೇಕು. ಮನೆಯಲ್ಲಿ ರುಬ್ಬಿ ಸೋಸಿದ ಬಾದಾಮಿ ಹಾಲು, ತೆಂಗಿನ ಹಾಲಿನಲ್ಲಿ ಅಷ್ಟು ಇರುವುದಿಲ್ಲ. ಟೋಫು ಹೆಪ್ಪುಗಟ್ಟಿಸಲು ಕ್ಯಾಲ್ಸಿಯಂ ಸಲ್ಫೇಟ್ ಬಳಸಿದ್ದರೆ ಅದು ಒಳ್ಳೆಯ ಮೂಲ; ನಿಂಬೆಹುಳಿ ಅಥವಾ ಮೆಗ್ನೀಸಿಯಂ ಕ್ಲೋರೈಡಿನಿಂದ ಹೆಪ್ಪಾದದ್ದರಲ್ಲಿ ಬಹಳ ಕಡಿಮೆ. ಹೊರದೇಶಗಳಲ್ಲಿರುವ ಕನ್ನಡಿಗರಿಗೆ ಈ ಎರಡೂ ಪದಾರ್ಥಗಳು ಸುಲಭವಾಗಿ ಸಿಗುತ್ತವೆ, ಜೊತೆಗೆ ಕೇಲ್, ಬಾಕ್ ಚಾಯ್ ಸೊಪ್ಪುಗಳು ಆಕ್ಸಲೇಟ್ ಕಡಿಮೆಯಿರುವ ಉತ್ತಮ ಮೂಲಗಳು. ಒಂದು ವರ್ಷದೊಳಗಿನ ಶಿಶುವಿಗೆ ಎದೆಹಾಲು ಅಥವಾ ಶಿಶುಗಳ ಫಾರ್ಮುಲಾ ಹಾಲಿಗೆ ಬದಲಾಗಿ ಇಂಥ ಸಸ್ಯಜನ್ಯ ಹಾಲುಗಳನ್ನು ಕೊಡಕೂಡದು.

ಕುಡಿಯುವ ನೀರು

ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಇರುತ್ತದೆ, ಅದು ಚೆನ್ನಾಗಿ ಹೀರಲ್ಪಡುತ್ತದೆ ಕೂಡ. ಭಾರತೀಯ ಮಾನಕದಲ್ಲಿ ಕುಡಿಯುವ ನೀರಿನ ಸ್ವೀಕಾರಾರ್ಹ ಮಿತಿ ಲೀಟರಿಗೆ 75 ಮಿಲಿಗ್ರಾಂ. ಅಂಥ ಎರಡು ಲೀಟರ್ ನೀರು ಕುಡಿದರೆ 150 ಸಿಗುತ್ತದೆ. ಆರ್‌ಓ ಯಂತ್ರ ಇದರ ಬಹುಪಾಲನ್ನು ತೆಗೆದುಬಿಡುತ್ತದೆ. ಹಾಗೆಂದು ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದಂಥ ಫ್ಲೋರೈಡ್ ಹೆಚ್ಚಿರುವ ಕಡೆಗಳಲ್ಲಿ ಕ್ಯಾಲ್ಸಿಯಂ ಆಸೆಗೆ ಶುದ್ಧೀಕರಣ ನಿಲ್ಲಿಸಿದರೆ ಮೂಳೆಗೇ ಅಪಾಯ. ಅಲ್ಲಿಯ ಜನ ಶುದ್ಧ ನೀರನ್ನೇ ಕುಡಿದು ಕ್ಯಾಲ್ಸಿಯಂ ಅನ್ನು ತಟ್ಟೆಯಿಂದಲೇ ಪಡೆಯಬೇಕು.

ಒಂದು ದಿನದ ಊಟವನ್ನು ಕೂಡಿಸಿ ನೋಡೋಣ

ಹಳೆ ಮೈಸೂರು ಕಡೆಯ ಊಟದಲ್ಲಿ ಬೆಳಗ್ಗೆ ಮೂವತ್ತು ಗ್ರಾಂ ಮೊಳಕೆ ರಾಗಿ ಹಿಟ್ಟಿನ ಗಂಜಿ ಅಥವಾ ಅಂಬಲಿಯಿಂದ 109, ಮಧ್ಯಾಹ್ನ ಎಪ್ಪತ್ತೈದು ಗ್ರಾಂ ಹಿಟ್ಟಿನ ಒಂದು ಮುದ್ದೆಯಿಂದ 273, ರಾತ್ರಿ ಅರವತ್ತು ಗ್ರಾಂ ಹಿಟ್ಟಿನ ರಾಗಿ ರೊಟ್ಟಿಯಿಂದ 218, ಹೀಗೆ ರಾಗಿಯೊಂದರಿಂದಲೇ 600 ಆಗುತ್ತದೆ. ರೊಟ್ಟಿಗೆ ಅಥವಾ ಸಾರಿಗೆ ಐವತ್ತು ಗ್ರಾಂ ನುಗ್ಗೆ ಸೊಪ್ಪು 157, ನಲವತ್ತು ಗ್ರಾಂ ಮೊಳಕೆ ಹುರುಳಿ 108, ಹತ್ತು ಗ್ರಾಂ ಎಳ್ಳಿನ ಅರ್ಧ ಲೆಕ್ಕ 58, ಮೂವತ್ತು ಗ್ರಾಂ ತೊಗರಿಬೇಳೆ 21. ಒಟ್ಟು 944. ಉಳಿದ ಐವತ್ತು ಅರವತ್ತು ಮಿಲಿಗ್ರಾಂ ತರಕಾರಿ, ಹಣ್ಣು, ನೀರಿನಿಂದ ತುಂಬುತ್ತದೆ. ಇದರಲ್ಲಿ ದುಬಾರಿಯಾದ ಒಂದು ಪದಾರ್ಥವೂ ಇಲ್ಲ.

ಜೋಳದ ನಾಡಿನಲ್ಲಿ ಲೆಕ್ಕ ಇಷ್ಟು ಸಲೀಸಲ್ಲ. ಇನ್ನೂರು ಗ್ರಾಂ ಹಿಟ್ಟಿನ ರೊಟ್ಟಿಗಳಿಂದ 56 ಮಾತ್ರ. ಮೆಂತ್ಯ ಪಲ್ಯ 137, ಹುರುಳಿ ಉಸಲಿ 108, ಇಡಿಯ ಕಡಲೆ ನಲವತ್ತು ಗ್ರಾಂ 60, ಹದಿನೈದು ಗ್ರಾಂ ಎಳ್ಳಿನ ಅರ್ಧ 90 ಸೇರಿಸಿದರೂ 450 ದಾಟುವುದು ಕೊಂಚವೇ. ರೊಟ್ಟಿಯ ಹಿಟ್ಟಿನಲ್ಲಿ ಅರ್ಧದಷ್ಟು ರಾಗಿ ಬೆರೆಸಿದರೆ 330ಕ್ಕೂ ಹೆಚ್ಚು ಕೂಡುತ್ತದೆ, ಅಥವಾ ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲಿನ ಒಂದು ಲೋಟದಿಂದ 240. ಎರಡನ್ನೂ ಮಾಡುವುದು ಉತ್ತಮ. ಅನ್ನ ಉಣ್ಣುವ ಮಲೆನಾಡು, ಕರಾವಳಿಯ ಸಸ್ಯಾಹಾರಿಗಳ ಸ್ಥಿತಿಯೂ ಹೀಗೆಯೇ. ಬೆಳಗಿನ ತಿಂಡಿಯನ್ನಾದರೂ ಪೂರ್ತಿ ರಾಗಿಗೆ ಬದಲಾಯಿಸದೆ ಅವರಿಗೆ ಸುಲಭದ ದಾರಿಯಿಲ್ಲ.

ಯಾವುದೇ ಊಟವಾದರೂ ಕ್ಯಾಲ್ಸಿಯಂ ಮೂರು ಹೊತ್ತಿಗೂ ಹಂಚಿಕೆಯಾಗಿರಲಿ, ಒಮ್ಮೆಲೇ ಹೆಚ್ಚು ಬಂದರೆ ಹೀರಲ್ಪಡುವ ಪಾಲು ಇಳಿಯುತ್ತದೆ.

ಬಂದದ್ದು ಉಳಿಯಬೇಕಾದರೆ

ವಿಟಮಿನ್ ಡಿ ಇಲ್ಲದೆ ಕರುಳು ಕ್ಯಾಲ್ಸಿಯಂ ಅನ್ನು ಸರಿಯಾಗಿ ಹೀರಲಾರದು. ಬಿಸಿಲಿನ ನಾಡಿನಲ್ಲಿದ್ದೂ ನಮ್ಮಲ್ಲಿ ಇದರ ಕೊರತೆ ವ್ಯಾಪಕ. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ನಡುವೆ ಕೈ, ಕಾಲು, ಮುಖಕ್ಕೆ ನೇರ ಬಿಸಿಲು ತಾಗುವಂತೆ ಸ್ವಲ್ಪ ಹೊತ್ತು ಹೊರಗಿರುವುದು ಅಗತ್ಯ, ಕಿಟಕಿಯ ಗಾಜಿನ ಹಿಂದೆ ಕುಳಿತರೆ ಫಲವಿಲ್ಲ. ಉಪ್ಪು ಹೆಚ್ಚಾದಷ್ಟೂ ಮೂತ್ರದಲ್ಲಿ ಹೋಗುವ ಕ್ಯಾಲ್ಸಿಯಂ ಹೆಚ್ಚುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಕುರುಕಲು ತಿಂಡಿಗಳನ್ನು ಹಿಡಿತದಲ್ಲಿಡಿ. ಎರಡು ಲೋಟ ಕಾಫಿಯಿಂದ ಆಗುವ ನಷ್ಟ ಅತ್ಯಲ್ಪ, ಅದಕ್ಕಾಗಿ ಕಾಫಿ ಬಿಡಬೇಕಾಗಿಲ್ಲ. ನಡಿಗೆ, ಮೆಟ್ಟಿಲು ಹತ್ತುವುದು, ಭಾರ ಎತ್ತುವ ಕೆಲಸ ಇದ್ದಾಗಲೇ ಮೂಳೆ ಗಟ್ಟಿಯಾಗಿ ಉಳಿಯುತ್ತದೆ.

ಮಾತ್ರೆ ಬೇಕಾದಾಗ

ಗರ್ಭಿಣಿಯರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಕೊಡುವ ಕ್ಯಾಲ್ಸಿಯಂ ಮಾತ್ರೆಯನ್ನು, ಊಟ ಚೆನ್ನಾಗಿದೆ ಎಂಬ ಕಾರಣಕ್ಕೆ ಬಿಡಬಾರದು. ಉಳಿದವರು ಮೇಲಿನ ಲೆಕ್ಕ ಮಾಡಿದ ಮೇಲೂ ಮುನ್ನೂರು ನಾನೂರು ಮಿಲಿಗ್ರಾಂ ಕಡಿಮೆ ಬೀಳುತ್ತಿದ್ದರೆ ವೈದ್ಯರನ್ನು ಕೇಳಿ ಆ ಕೊರತೆಯಷ್ಟನ್ನೇ ಮಾತ್ರೆಯಿಂದ ತುಂಬಿಕೊಳ್ಳಿ. ಒಂದು ಸಲಕ್ಕೆ 500 ಮಿಲಿಗ್ರಾಂಗಿಂತ ಹೆಚ್ಚು ಬೇಡ. ಕ್ಯಾಲ್ಸಿಯಂ ಕಾರ್ಬೋನೇಟ್ ಆದರೆ ಊಟದೊಂದಿಗೆ, ಸಿಟ್ರೇಟ್ ಆದರೆ ಯಾವಾಗ ಬೇಕಾದರೂ ತೆಗೆದುಕೊಳ್ಳಬಹುದು. ಕಬ್ಬಿಣದ ಮಾತ್ರೆಯನ್ನು ಅದರ ಜೊತೆಗೆ ನುಂಗದೆ ಬೇರೆ ಹೊತ್ತಿಗೆ ಇಟ್ಟುಕೊಳ್ಳಿ; ಥೈರಾಯ್ಡ್ ಮಾತ್ರೆಗೂ ಇದಕ್ಕೂ ಕನಿಷ್ಠ ನಾಲ್ಕು ಗಂಟೆಯ ಅಂತರವಿರಲಿ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರೆಯನ್ನಷ್ಟೇ ಅಲ್ಲ, ಸೊಪ್ಪು ಮತ್ತು ಕಾಳುಗಳನ್ನು ಹೆಚ್ಚಿಸುವುದನ್ನೂ ವೈದ್ಯರ ಸಲಹೆಯಿಲ್ಲದೆ ಮಾಡಬಾರದು, ಏಕೆಂದರೆ ಅವುಗಳಲ್ಲಿನ ಪೊಟ್ಯಾಸಿಯಂ ಮತ್ತು ರಂಜಕ ಅವರ ದೇಹದಲ್ಲಿ ಶೇಖರವಾಗುತ್ತವೆ.